ಧಾರವಾಡ–ಪುಣೆ ಮನೆಮಂದಿ: 12,000ದ ಎಸ್ಟಿಮೇಟ್

ಪ್ರಮೋದ: (ಫೋಟೋ)
ಕಾರಿನ ಮೂರನೇ ವರ್ಷದ ಸರ್ವಿಸ್. 12,000 ಅಂತೆ! ಓಡಿರುವುದು ಬರೀ 16,800 ಕಿ.ಮೀ. ವಾರಂಟಿ ಮುಗಿದಿದೆ. ನಾಳೆ ಬೆಳಿಗ್ಗೆಯೊಳಗೆ ಹೂಂ ಅನ್ನಬೇಕು.

ಸುಧೀರ: ಅಣ್ಣಾ, ಸುಮ್ನೆ ತುಂಬಿಸಿದ್ದಾರೆ. ಇಂಜಿನ್ ಫ್ಲಶ್ 1,100, ಇಂಜೆಕ್ಟರ್ ಕ್ಲೀನಿಂಗ್ 1,800, ಎಸಿ ವಾಸನೆಗೆ ಸ್ಪ್ರೇ 1,200. ಕಾರಿನ ಜೊತೆ ಕೊಟ್ಟ ಪುಸ್ತಕದ ಸರ್ವಿಸ್ ಪಟ್ಟಿಯಲ್ಲಿ ಈ ಮೂರು ಇವೆಯಾ ನೋಡು.

ಗುಂಡೂಕಾಕಾ: ಕಂಪನಿಯವರಿಗೆ ಗೊತ್ತಿಲ್ಲದ್ದು ನಿನಗೆ ಗೊತ್ತೇನೋ?

ಸುಧೀರ: ಪುಸ್ತಕ ಬರೆದವರೂ ಕಂಪನಿಯವರೇ ಕಾಕಾ. ಎಸ್ಟಿಮೇಟ್ ಬರೆದದ್ದು ಕೌಂಟರಿನ ಹುಡುಗ.

ವೀಣಾ: ಈಗಷ್ಟೇ ಕೆಳಗೆ ಹೋಗಿ ನೋಡಿ ಬಂದೆ. ಮೂರೂ ಇಲ್ಲ. ಇಂಜಿನ್‌ನ ಏರ್ ಫಿಲ್ಟರ್ 40,000 ಕಿ.ಮೀ.ಗೆ ಬದಲಿಸಿ, ಅಲ್ಲಿವರೆಗೆ ತೆಗೆದು ನೋಡಿ ಸ್ವಚ್ಛ ಮಾಡಿ ಅಂತಿದೆ. ಅದಕ್ಕೂ 450 ಹಾಕಿದ್ದಾರೆ.

ಸುಧೀರ: ನೋಡಿದಿರಾ? ಇಂಜಿನ್ ಆಯಿಲ್ ಕೂಡ ಮುಂದಿನ ವರ್ಷ ನೋಡೋಣ. ಈ ವರ್ಷ ಐದು ಸಾವಿರವೂ ಓಡಿಲ್ಲ ಅಲ್ವಾ?

ಗುಂಡೂಕಾಕಾ: ಇಲ್ಲೇ ಎಡವಿದೆ. ವೀಣಾ, ಆಯಿಲ್ ಬಗ್ಗೆ ಏನಿದೆ ಓದಮ್ಮ.

ವೀಣಾ: 10,000 ಕಿ.ಮೀ. ಅಥವಾ 1 ವರ್ಷ, ಯಾವುದು ಮೊದಲೋ ಅದು.

ಗುಂಡೂಕಾಕಾ: ಹಾಂ. ಪ್ರಮೋದನ ಕಾರು ಪುಣೆಯ ಕೋಥ್ರೂಡ್ ಬಡಾವಣೆ ಬಿಟ್ಟು ಹೊರಗೆ ಹೋಗುವುದೇ ಅಪರೂಪ. ಎರಡು ಕಿ.ಮೀ. ಶಾಲೆ, ಒಂದು ಕಿ.ಮೀ. ಭಾಜಿ ಮಂಡಿ. ಇಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಆಫ್. ನೀರಿನ ಪಸೆ, ಸುಡದೆ ಉಳಿದ ಪೆಟ್ರೋಲ್, ಎಲ್ಲ ಆಯಿಲ್‌ನಲ್ಲೇ ಉಳಿಯುತ್ತದೆ. ಇಂಥ ಓಟವೇ ಇಂಜಿನ್‌ಗೆ ಕಷ್ಟದ್ದು.

ಸುಧೀರ: ಸರಿ, ಆಯಿಲ್ ಮಾಡಿಸಲಿ. ಬ್ರೇಕ್ ಆಯಿಲ್ 900 ಬೇಡ. ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿದೆ.

ವೀಣಾ: ಪುಸ್ತಕದಲ್ಲಿ 2 ವರ್ಷ ಅಂತಿದೆ. ನಮ್ಮದಕ್ಕೆ 3 ಆಯಿತು.

ಗುಂಡೂಕಾಕಾ: ಪುಸ್ತಕ ನಂಬು ಅಂದವನೇ ನೀನು! ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಹೆಚ್ಚಿದಷ್ಟೂ ಬೇಗ ಕುದಿಯುತ್ತದೆ. ಕೋಥ್ರೂಡಿನಲ್ಲಿ ಗೊತ್ತಾಗುವುದಿಲ್ಲ. ಪಂಚಗಣಿಯಿಂದ ವಾಯಿಗೆ ಪಸರಣಿ ಘಾಟ್ ಇಳಿಯುವಾಗ ಬ್ರೇಕ್ ಒತ್ತುತ್ತಲೇ ಇರುತ್ತೀರಿ. ಆಗ ಕುದ್ದು ಗುಳ್ಳೆ ಎದ್ದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ.

ಸುಧೀರ: ಒಪ್ಪಿದೆ ಕಾಕಾ 🙏

ಪ್ರಮೋದ: ಹಾಗಾದರೆ ಆಯಿಲ್, ಬ್ರೇಕ್ ಆಯಿಲ್ ಎರಡೂ ನಾನೇ ಮಾಡುತ್ತೇನೆ. ಭಾನುವಾರ ಖಾಲಿ ಇದ್ದೇನೆ. ಡಿಕ್ಕಿಯಲ್ಲಿ ಜಾಕ್ ಇದೆ.

ಸುಧೀರ: ಬೇಡ ಅಣ್ಣಾ! ಅದು ಟೈರ್ ಬದಲಿಸುವ ಜಾಕ್. ಅದರ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬಾರದು. ಬ್ರೇಕ್ ಲೈನಿನಲ್ಲಿ ಗಾಳಿ ಉಳಿದರೆ ಮೊದಲ ಸಿಗ್ನಲ್‌ನಲ್ಲೇ ಗೊತ್ತಾಗುತ್ತದೆ.

ವೀಣಾ: ಹಳೇ ಆಯಿಲ್ ಎಲ್ಲಿ ಸುರಿಯುತ್ತಾರಂತೆ? ಸೊಸೈಟಿ ಗಟಾರಕ್ಕಾ? ಸೆಕ್ರೆಟರಿ ಜೊತೆ ಆಗಲೇ ಪಾರ್ಕಿಂಗ್ ಜಗಳ ಒಂದಿದೆ.

ಸುಧೀರ: ಎಸಿ ಫಿಲ್ಟರ್ ನೀನೇ ಹಾಕು. ಅವರು 650 ಹಾಕಿದ್ದಾರೆ, ಹೊರಗೆ 350ಕ್ಕೆ ಸಿಗುತ್ತದೆ. ಗ್ಲೋವ್ ಬಾಕ್ಸ್ ಬಿಚ್ಚಿದರೆ ಹಿಂದೆಯೇ ಇದೆ. ಏರ್ ಫಿಲ್ಟರ್‌ಗೂ ನಾಲ್ಕು ಕ್ಲಿಪ್ ಅಷ್ಟೇ. ತೆಗೆದು ಕೊಡವಿ ಹಾಕು. ಏನಾದರೂ ತಪ್ಪಿದರೂ ಜೀವಕ್ಕೇನೂ ಆಗುವುದಿಲ್ಲ.

ಗುಂಡೂಕಾಕಾ: ನನ್ನ ಮಾತು ಕೇಳಿದರೆ ಅದನ್ನೂ ಅವರಿಗೇ ಬಿಡು. ಮೂರು ನೂರು ಉಳಿಸಲು ಹೋಗಿ ಡ್ಯಾಶ್‌ಬೋರ್ಡ್ ಮುರಿಯುತ್ತಾನೆ. ಇವನ ಕೈಗುಣ ನನಗೆ ಗೊತ್ತು. ಮಿಕ್ಸರ್ ನೆನಪಿದೆಯಾ?

ವೀಣಾ: ಮಿಕ್ಸರ್ ಸುದ್ದಿ ಬೇಡ ಕಾಕಾ 😄

(ಭಾನುವಾರ)

ಪ್ರಮೋದ: (ಫೋಟೋ)
ಎಸಿ ಫಿಲ್ಟರ್ ಹಾಕಿದೆ. 20 ನಿಮಿಷ. ಏನೂ ಮುರಿದಿಲ್ಲ ಕಾಕಾ. ಹಳೆಯದರಲ್ಲಿ ಬೇವಿನ ಎಲೆ, ಒಂದು ಸತ್ತ ಜಿರಳೆ. ಹೋದ ವರ್ಷದ ಬಿಲ್‌ನಲ್ಲಿ ‘ಹೊಸ ಎಸಿ ಫಿಲ್ಟರ್’ ಅಂತಿದೆ.

ಸುಧೀರ: ಗಾಳಿಯ ಬಾಣದ ಗುರುತು ಸರಿ ನೋಡಿ ಹಾಕಿದೆಯಾ?

ಪ್ರಮೋದ: ಪುಸ್ತಕದಲ್ಲಿ ಕೆಳಗೆ ಅಂತಿದೆ, ಹಾಗೇ ಹಾಕಿದೆ. ಹಳೆಯದರ ಬಾಣ ಮೇಲಕ್ಕಿತ್ತು.

ಗುಂಡೂಕಾಕಾ: ಮೇಲಕ್ಕಾ?

ಪ್ರಮೋದ: ಹೌದು. ಫೋಟೋ ತೆಗೆದಿದ್ದೇನೆ.

ಗುಂಡೂಕಾಕಾ: ನಾಳೆ ಎಷ್ಟು ಗಂಟೆಗೆ ಕಾರು ಬಿಡುತ್ತೀಯ? ನಾನೂ ಬರುತ್ತೇನೆ. ಬ್ರೇಕ್ ಆಯಿಲ್ ಬದಲಿಸುವಾಗ ಪಕ್ಕದಲ್ಲೇ ನಿಲ್ಲೋಣ.