ರಾಶಿ ಹಾಕಿದ ಕಲ್ಲಿದ್ದಲು ತಾನಾಗೇ ಹೊತ್ಕೊಳ್ಳೋದು ಯಾಕೆ? ನೀರು ಹೊಡೆದ್ರೂ ಆರ್ತಿಲ್ಲ

ಯಾರ್ಡ್ ಹುಡುಗ:
ಒಂದು ಥರ್ಮಲ್ ಪ್ಲಾಂಟಿನ ಕೋಲ್ ಯಾರ್ಡಲ್ಲಿ ಕೆಲಸಕ್ಕೆ ಸೇರಿ ಎಂಟು ತಿಂಗಳಾಯ್ತು. ಬೇಸಿಗೇಲಿ ಹಳೇ ರಾಶಿಯಿಂದ ಹೊಗೆ ಬಂತು, ಪೈಪ್ ಹಿಡಿದು ನೀರು ಹೊಡೆದ್ವಿ, ಎರಡು ದಿನ ಸುಮ್ಮನಿದ್ದು ಪಕ್ಕದಲ್ಲೇ ಮತ್ತೆ ಶುರು, ಮೊದಲ ಮಳೆ ಬಿದ್ದ ವಾರ ಅಂತೂ ಇನ್ನೂ ಜಾಸ್ತಿ. ಬೀಡಿ ಕಿಡಿ ಏನೂ ಇಲ್ಲ. ಸೀನಿಯರ್ಸು ಬಿಸಿಲಿಗೆ ಅಂತಾರೆ, ಹಂಗಿದ್ರೆ ಮೇಲ್ಗಡೆ ತಾನೇ ಹೊತ್ಕೋಬೇಕು, ಬುಡದ ಹತ್ರ ಯಾಕೆ? ಇದರ ಮೇಲೆ ರಿಸರ್ಚ್ ಏನಾದ್ರೂ ಆಗಿದ್ಯಾ?

ಕೆಮಿಸ್ಟ್ರಿ ಮೇಷ್ಟ್ರು:
ಬಹಳ ಆಗಿದೆ. ಮೊದಲು ಎಲ್ರೂ ಪೈರೈಟ್ (ಇದ್ದಲಲ್ಲಿರೋ ಕಬ್ಬಿಣ-ಗಂಧಕದ ಖನಿಜ) ಮೇಲೆ ತಪ್ಪು ಹೊರಿಸಿದ್ರು, ಅದೂ ಸ್ವಲ್ಪ ಕಾರಣ ನಿಜ, ಆದ್ರೆ ಮುಖ್ಯ ಕಾರಣ ಇದ್ದಲೇ ಗಾಳಿಯ ಆಕ್ಸಿಜನ್ ಹೀರ್ಕೊಂಡು ನಿಧಾನಕ್ಕೆ ಬಿಸಿ ಬಿಡೋದು. ಒಂದು ಬುಟ್ಟಿಯಷ್ಟಿದ್ರೆ ಆ ಬಿಸಿ ಹೊರಗೆ ಹೋಗಿಬಿಡುತ್ತೆ, ದೊಡ್ಡ ರಾಶೀಲಿ ಒಳಗೇ ಕೂರುತ್ತೆ, ಹತ್ತು ಡಿಗ್ರಿ ಏರಿದ್ರೆ ಕ್ರಿಯೆಯ ವೇಗ ಹೆಚ್ಚುಕಮ್ಮಿ ದುಪ್ಪಟ್ಟು, ಅಲ್ಲಿಂದ ಕೈಮೀರುತ್ತೆ. ಹಸಿ ಹುಲ್ಲು ಒಟ್ಟಿದ ಬಣವೆ ಒಳಗೆ ಕೈ ಹಾಕಿ ನೋಡಿದ್ದೀರಲ್ಲ, ಅದೂ ಹೀಗೇ, ಅಲ್ಲಿ ಶುರು ಮಾಡೋದು ಸೂಕ್ಷ್ಮಜೀವಿಗಳು ಅಷ್ಟೇ. ಈ ಲೆಕ್ಕಾನ ಸೋವಿಯತ್ ವಿಜ್ಞಾನಿಗಳಾದ ಸೆಮೆನೋವ್ 1928ರಲ್ಲಿ, ಆಮೇಲೆ ಫ್ರಾಂಕ್-ಕಾಮೆನೆಟ್ಸ್ಕಿ ಗಣಿತದಲ್ಲಿ ಹಿಡಿದಿಟ್ರು. ಲ್ಯಾಬಲ್ಲಿ ಬೇರೆ ಬೇರೆ ಅಳತೆಯ ತಂತಿ ಬುಟ್ಟೀಲಿ ಇದ್ದಲು ತುಂಬಿ ಓವನ್ನಲ್ಲಿಟ್ಟು ನೋಡ್ತಾರೆ, ಬುಟ್ಟಿ ದೊಡ್ಡದಾದಷ್ಟೂ ಕಮ್ಮಿ ಬಿಸಿಗೇ ಹೊತ್ಕೊಳ್ಳುತ್ತೆ.

ಬುಡದ ವಿಷಯ ನೀವು ಸರಿಯಾಗೇ ಗಮನಿಸಿದ್ದೀರಿ. ಸುರಿಯುವಾಗ ದಪ್ಪ ಉಂಡೆಗಳು ಉರುಳಿ ಕೆಳಗೆ ಬೀಳ್ತವೆ, ಸಂದಿಯಿಂದ ಗಾಳಿ ಒಳಗೆ ನುಗ್ಗಿ ಪುಡಿ ಇದ್ದಲಿಗೆ ತಾಗುತ್ತೆ. ಗಾಳಿ ಜೋರಾಗಿ ಆಡಿದ್ರೆ ತಣ್ಣಗಾಗುತ್ತೆ, ಇಲ್ಲವೇ ಇಲ್ಲ ಅಂದ್ರೆ ಕ್ರಿಯೆ ನಿಲ್ಲುತ್ತೆ, ಈ ನಡುವಿನದೇ ಅಪಾಯ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಒಂದೇ ಸಲಕ್ಕೆ ಒಂದೇ ಇದ್ದಲು ತುಂಬಿಸ್ಕೊಂಡ ನಾಲ್ಕು ಹಡಗುಗಳಲ್ಲಿ ಗಾಳಿ ಆಡೋ ವ್ಯವಸ್ಥೆ ಇದ್ದ ಮೂರೂ ಸುಟ್ಟುಹೋದ್ವು, ಅದಿಲ್ಲದ ಕೋರಾ ಅನ್ನೋ ಹಡಗು ಕ್ಷೇಮವಾಗಿ ಬಾಂಬೆ ಸೇರ್ತು. ಹಡಗಿನ ಇದ್ದಲು ತಾನಾಗೇ ಹೊತ್ಕೊಳ್ಳೋದರ ಬಗ್ಗೆ ವಿಚಾರಣೆ ಮಾಡಿದ 1876ರ ಬ್ರಿಟಿಷ್ ರಾಯಲ್ ಕಮಿಷನ್ನೂ ಇದ್ದಲ ಮಧ್ಯೆ ಗಾಳಿ ಹಾಯಿಸೋದು ಅಪಾಯ ಅಂತಲೇ ಹೇಳಿತು.

ಧನಬಾದಲ್ಲಿದ್ದವಳು:
ನೀರಿನ ಬಗ್ಗೆ ನಾನು ಹೇಳ್ತೀನಿ. ಒಣಗಿದ ಇದ್ದಲು ತೇವ ಹೀರುವಾಗಲೇ ಬಿಸಿ ಬಿಡುತ್ತೆ, ಅದಕ್ಕೇ ಒಣ ರಾಶಿ ಮೇಲೆ ಮೊದಲ ಮಳೆ ಅಂದ್ರೆ ನಮಗೆ ಭಯ. ಪೈಪ್ ನೀರು ಮೇಲಿಂದ ಯಾವುದೋ ಕಾಲುವೆ ಹಿಡಿದು ಇಳಿಯುತ್ತೆ, ಕಾದ ಜಾಗ ತಲುಪೋದೇ ಇಲ್ಲ, ಜೊತೆಗೆ ಗಾಳಿಗೆ ಹೊಸ ದಾರಿ ಮಾಡಿಕೊಡುತ್ತೆ.

ಯಾವ ಇದ್ದಲು ಬೇಗ ಹೊತ್ತುತ್ತೆ ಅಂತ ನೋಡೋಕೆ ಕ್ರಾಸಿಂಗ್ ಪಾಯಿಂಟ್ ಟೆಸ್ಟ್ ಇದೆ: ಕುಲುಮೆ ಬಿಸಿ ಏರಿಸ್ತಾ ಹೋಗ್ತೀವಿ, ಇದ್ದಲು ಕುಲುಮೆಯನ್ನೇ ದಾಟಿ ಬಿಸಿಯಾಗೋ ಹಂತ ಗುರುತು ಮಾಡ್ಕೋತೀವಿ. 120ರಿಂದ 140 ಡಿಗ್ರಿ ಒಳಗೆ ದಾಟಿದ್ರೆ ತುಂಬಾ ಹುಷಾರಾಗಿರಬೇಕು, 160 ಮೇಲಾದ್ರೆ ಅಷ್ಟು ಚಿಂತೆಯಿಲ್ಲ. ಧನಬಾದ್ ಹತ್ರದ ಕಲ್ಲಿದ್ದಲು ಗಣಿ ಊರು ಝರಿಯಾದಲ್ಲಿ 1916ರಲ್ಲಿ ಮೊದಲು ಕಂಡ ನೆಲದಡಿ ಬೆಂಕಿ ಇವತ್ತಿಗೂ ಪೂರ್ತಿ ಆರಿಲ್ಲ, ಆ ಊರು ನೋಡಿದವರು ಇದನ್ನ ಹಗುರವಾಗಿ ತಗೊಳ್ಳಲ್ಲ.

ಯಾರ್ಡ್ ಹುಡುಗ:
ಥ್ಯಾಂಕ್ಸ್ ಇಬ್ರಿಗೂ. ನಮ್ಮಲ್ಲಿ ಹೊಸ ಇದ್ದಲೇ ಮೊದಲು ಖಾಲಿಯಾಗುತ್ತೆ, ಹಳೇದು ಹಿಂದೆ ಬಿದ್ದಿರುತ್ತೆ. ಹೊಗೆ ಬರೋ ಜಾಗ ಅಗೆದು ತೆಗೆದುಬಿಟ್ರೆ?

ಧನಬಾದಲ್ಲಿದ್ದವಳು:
ಹಳೇದು ಮೊದಲು ಹೋಗಬೇಕು, ರಾಶಿಯನ್ನ ಪದರ ಪದರವಾಗಿ ಬುಲ್ಡೋಜರಲ್ಲಿ ದಮ್ಮಸು ಮಾಡ್ತಾ ಏರಿಸ್ಬೇಕು, ಇಳಿಜಾರು ಕಡಿಮೆ ಇರಲಿ. ಅಗೆಯೋದು ಸರಿ, ಆದ್ರೆ ಅಗೆದ ಕೂಡಲೇ ಗಾಳಿ ಸಿಕ್ಕಿ ಭಗ್ ಅನ್ನುತ್ತೆ, ತೆಗೆದದ್ದನ್ನ ದೂರ ತೆಳುವಾಗಿ ಹರಡಿ ತಣಿಸಿ. ಕೆಂಪಗೆ ಕಾದಿದ್ದಕ್ಕೆ ನೀರು ಹೊಡೀಬೇಡಿ, ಹೈಡ್ರೋಜನ್ನೂ ಕಾರ್ಬನ್ ಮೊನಾಕ್ಸೈಡೂ ಬರುತ್ತೆ. ಆ ಮೊನಾಕ್ಸೈಡು ವಿಷ, ವಾಸನೆನೂ ಇಲ್ಲ ತಮ್ಮಾ, ಗ್ಯಾಸ್ ಮೀಟರ್ ಇಲ್ಲದೆ ಒಬ್ಬನೇ ಹೋಗ್ಬೇಡ.