ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕದಿದ್ದರೆ ತವರು ತಪ್ಪಿಹೋಗುತ್ತದೆಯೇ?

ಪ್ರಶ್ನೆ: ಅರಸೀಕೆರೆ ಕಡೆಯವಳು

ನಮ್ಮ ತಂದೆಯವರು ಕಳೆದ ವರ್ಷ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಅರಸೀಕೆರೆ ತಾಲ್ಲೂಕಿನಲ್ಲಿ ತಾತನ ಕಾಲದಿಂದ ಬಂದ ನಾಲ್ಕು ಎಕರೆ ತೆಂಗಿನ ತೋಟ ಮತ್ತು ಒಂದು ಹಳೆಯ ಮನೆ ಇದೆ. ಅಣ್ಣ ಊರಿನಲ್ಲಿದ್ದು ತೋಟ ನೋಡಿಕೊಳ್ಳುತ್ತಾನೆ, ಅಮ್ಮ ಅವನ ಜೊತೆಗಿದ್ದಾರೆ. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆಗೆಂದು ವಂಶವೃಕ್ಷ ಮಾಡಿಸಿದಾಗ ಅದರಲ್ಲಿ ನನ್ನ ಹೆಸರೂ ಬಂದಿತು. ಅದರ ಬೆನ್ನಿಗೇ ಹಕ್ಕು ಬಿಡುಗಡೆ ಪತ್ರ ಸಿದ್ಧವಾಗಿದೆ, ಗೌರಿ ಹಬ್ಬಕ್ಕೆ ಬಂದಾಗ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಒಂದು ಸಹಿ ಹಾಕಿ ಹೋಗು ಎಂದು ಅಣ್ಣ ಫೋನಿನಲ್ಲಿ ಹೇಳಿದ. ಆ ಮಾತಿನಲ್ಲಿ ಬಲವಂತವಾಗಲಿ ಮೋಸವಾಗಲಿ ಇರಲಿಲ್ಲ. ಹೆಣ್ಣುಮಕ್ಕಳು ಸಹಿ ಹಾಕಿಯೇ ಹಾಕುತ್ತಾರೆ ಎಂಬ ನಂಬಿಕೆ ಮಾತ್ರ ಇತ್ತು.

ನಮ್ಮ ಅಮ್ಮ ತಮ್ಮ ತವರಿನಲ್ಲಿ ಹಾಗೆಯೇ ಸಹಿ ಹಾಕಿ ಬಂದವರು. ಸೋದರಮಾವಂದಿರು ಪ್ರತಿವರ್ಷ ಬಾಗಿನದ ಜೊತೆಗೆ ಸೀರೆ ಕೊಟ್ಟರು, ನಮ್ಮ ಮದುವೆಗಳಲ್ಲಿ ಮುಂದೆ ನಿಂತರು. ಅಮ್ಮನಿಗೆ ಆ ಲೆಕ್ಕ ಸರಿಹೋಯಿತು. ನನ್ನ ಕಾಲಕ್ಕೆ ಲೆಕ್ಕವೇ ಬೇರೆಯಾಗಿದೆ. ಅಪ್ಪನ ಡಯಾಲಿಸಿಸ್ ಖರ್ಚಿನ ಅರ್ಧಭಾಗ ನನ್ನ ಸಂಬಳದಿಂದ ಹೋಗುತ್ತಿದ್ದಾಗ ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂದು ಯಾರೂ ಅನ್ನಲಿಲ್ಲ. ಈಗ ಸಹಿಗೆ ಸ್ವಲ್ಪ ಸಮಯ ಕೇಳಿದ್ದಕ್ಕೇ ಸೋದರತ್ತೆಯವರು ‘ತವರು ಬೇಕೋ, ತೋಟ ಬೇಕೋ, ಒಂದನ್ನು ಆರಿಸಿಕೋ’ ಎಂದುಬಿಟ್ಟರು. ನನಗೆ ಹಣದ ಅಡಚಣೆಯಿಲ್ಲ, ಆದರೂ ಸಹಿ ಹಾಕಲು ಮನಸ್ಸು ಒಪ್ಪುತ್ತಿಲ್ಲ. ಪಾಲು ಕೇಳಿದ ಮೇಲೂ ಹೋಗಿಬರುವ ಬಳಕೆ ಉಳಿಸಿಕೊಂಡ ಅಣ್ಣತಂಗಿಯರನ್ನು ನೀವು ಕಂಡಿದ್ದೀರಾ?

ಉತ್ತರ: ತುಮಕೂರಿನ ವಕೀಲ

ಕಾನೂನಿನ ಭಾಗ ಸುಲಭವಾದದ್ದು, ಅದನ್ನು ಮೊದಲು ಮುಗಿಸುತ್ತೇನೆ. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆಯನ್ನು ತಂದು, ಅವಿಭಕ್ತ ಕುಟುಂಬ ಪಾಲಾಗುವಾಗ ಮನೆಯ ಹೆಂಗಸರಿಗೂ ಒಂದಿಷ್ಟು ಸಿಗುವಂತೆ ಮಾಡಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯು ತಂದೆಯ ಸ್ವಂತ ಪಾಲಿನಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿತಾದರೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕನ್ನು ಗಂಡುಮಕ್ಕಳಿಗೇ ಉಳಿಸಿತು. ಅದನ್ನು ಹೆಣ್ಣುಮಕ್ಕಳಿಗೂ ವಿಸ್ತರಿಸಿದ್ದು ಕರ್ನಾಟಕದ 1994ರ ತಿದ್ದುಪಡಿ. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. ಹೀಗಾಗಿ 1993ರಲ್ಲಿ ಧಾರೆಯಾದ ಅಕ್ಕನಿಗೆ ಇಲ್ಲದ ಹಕ್ಕು 1996ರಲ್ಲಿ ಧಾರೆಯಾದ ತಂಗಿಗೆ ಇತ್ತು, ಮತ್ತು ಈ ಭೇದ ಅಕ್ಕತಂಗಿಯರ ನಡುವೆಯೇ ಹಾಕಿದ ಕಂದಕವನ್ನು ನಾನು ಹಲವು ಮನೆಗಳಲ್ಲಿ ನೋಡಿದ್ದೇನೆ. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ತಿದ್ದುಪಡಿಯ ದಿನ ತಂದೆ ಬದುಕಿರಬೇಕಾಗಿತ್ತೇ ಎಂಬ ವಾದಕ್ಕೆ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ, ವಿನೀತಾ ಶರ್ಮಾ ಪ್ರಕರಣದಲ್ಲಿ, ಬೇಕಿಲ್ಲ ಎಂದು ಉತ್ತರಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಾಯಿತ ಪತ್ರದ ಮೂಲಕವೋ ಕೋರ್ಟಿನ ಡಿಕ್ರಿಯ ಮೂಲಕವೋ ಪಾಲಾಗಿದ್ದರೆ ಅದನ್ನು ಕೆದಕುವಂತಿಲ್ಲ. ನಿಮ್ಮ ತೋಟ ಪಾಲಾಗಿಲ್ಲವಾದ್ದರಿಂದ ನಿಮಗೆ ಅಣ್ಣನಷ್ಟೇ ಹಕ್ಕಿದೆ, ತಂದೆಯವರ ಪಾಲಿನಲ್ಲಿ ನಿಮ್ಮ ತಾಯಿಗೂ ಹಕ್ಕಿದೆ.

ಇನ್ನು ನೀವು ಕೇಳಿದ ಪ್ರಶ್ನೆ. ಹೌದು, ಕಂಡಿದ್ದೇನೆ, ಆದರೆ ಅಂತಹವರು ನಮ್ಮ ಕಚೇರಿಗೆ ಬರುವುದು ವಿಭಾಗ ಪತ್ರ ಬರೆಸಲು, ದಾವೆ ಹಾಕಲು ಅಲ್ಲ. ಅವರು ಒಂದೇ ಕಾರಿನಲ್ಲಿ ಬಂದು, ಸಹಿ ಮುಗಿಸಿ, ಎದುರಿನ ಹೋಟೆಲಿನಲ್ಲಿ ಒಟ್ಟಿಗೆ ಕಾಫಿ ಕುಡಿದು ಹೋಗುತ್ತಾರೆ. ದಾವೆಗೆ ಬರುವ ಮನೆಗಳಲ್ಲಿ ಸಾಮಾನ್ಯವಾಗಿ ಹೆದ್ದಾರಿಯ ಪರಿಹಾರದ ಹಣವೋ ಲೇಔಟಿನವರ ಮುಂಗಡವೋ ಮೊದಲು ಬಂದಿರುತ್ತದೆ. ಕೊಳ್ಳುವವರ ವಕೀಲರು ಮನೆಯ ಎಲ್ಲ ಹೆಣ್ಣುಮಕ್ಕಳ ಸಹಿ ತನ್ನಿ ಎಂದಾಗಲೇ ಎಷ್ಟೋ ಅಣ್ಣಂದಿರಿಗೆ ತಂಗಿಯ ಮನೆಯ ದಾರಿ ನೆನಪಾಗುವುದು. ಅಂತಹ ಮನೆಯಲ್ಲಿ ಸಂಬಂಧ ಪಾಲಿನಿಂದ ಕೆಟ್ಟಿತೆಂದು ನಾನು ಹೇಳಲಾರೆ.

ಉತ್ತರ: ಊರಲ್ಲೇ ಉಳಿದವನು

ವಕೀಲರ ಮಾತು ಕಾಗದದ ಮೇಲೆ ಸರಿ. ನಾನು ತಿಪಟೂರಿನ ಬಳಿ ತೆಂಗು ಮಾಡುವವನು, ಇಬ್ಬರು ತಂಗಿಯರ ಅಣ್ಣ. ನುಸಿ ರೋಗ ಬಂದಾಗ, ಕಪ್ಪುತಲೆ ಹುಳು ಗರಿಗಳನ್ನೆಲ್ಲ ಒಣಗಿಸಿದಾಗ, ಕೊರೆಸಿದ ಬೋರ್‌ವೆಲ್ಲಿನಲ್ಲಿ ಬರೀ ದೂಳು ಎದ್ದಾಗ ಪಾಲು ಕೇಳಲು ಯಾರೂ ಬಂದಿರಲಿಲ್ಲ. ಸೊಸೈಟಿಯ ಸಾಲ ನನ್ನ ಹೆಸರಿನಲ್ಲಿದೆ, ಅದರಲ್ಲಿ ಒಂದು ಭಾಗ ತಂಗಿಯ ಮದುವೆಗೇ ತೆಗೆದದ್ದು. ಹೆಣ್ಣುಮಕ್ಕಳಿಗೆ ಹಕ್ಕಿಲ್ಲ ಎಂದು ನಾನು ವಾದಿಸುವುದಿಲ್ಲ, ನನಗೂ ಮಗಳಿದ್ದಾಳೆ. ಆದರೆ ಬೆಂಗಳೂರಿನ ಸಂಬಳ ನಿಮ್ಮದಾಗಿಯೇ ಉಳಿದು, ಊರಿನ ತೋಟ ಮಾತ್ರ ಇಬ್ಬರದೂ ಆಗುವುದನ್ನು ನ್ಯಾಯವೆಂದು ಒಪ್ಪುವುದು ಕಷ್ಟ. ನಾಲ್ಕು ಎಕರೆಯನ್ನು ಮೂರು ಭಾಗ ಮಾಡಿದರೆ ಒಂದು ಸಂಸಾರವೂ ಅದರಲ್ಲಿ ಬದುಕಲಾರದು. ಪಾಲು ಕೇಳುವ ದಿನ ಸಾಲದ ಪಾಸ್‌ಬುಕ್ಕನ್ನೂ ತೆರೆಯಿರಿ ಎಂಬುದಷ್ಟೇ ನನ್ನ ಕೋರಿಕೆ.

ಉತ್ತರ: ಉಡುಪಿಯಿಂದ

ಪಾಲು ಕೇಳಿದರೆ ತವರು ತಪ್ಪುತ್ತದೆ ಎಂಬ ಮಾತು ನಮ್ಮ ಅಜ್ಜಿಗೆ ಅರ್ಥವೇ ಆಗುತ್ತಿರಲಿಲ್ಲ. ಅಳಿಯಸಂತಾನದ ಮನೆಗಳಲ್ಲಿ ಆಸ್ತಿ ತಾಯಿಯ ಬಳಿಯಿಂದ ಇಳಿಯುತ್ತಿದ್ದುದರಿಂದ ಮನೆಯೇ ಹೆಂಗಸರದಾಗಿತ್ತು. ಹಾಗೆಂದು ಅಲ್ಲಿ ಜಗಳವಿರಲಿಲ್ಲ ಎಂದುಕೊಳ್ಳಬೇಡಿ. ಯಜಮಾನಿಕೆ ಸಾಮಾನ್ಯವಾಗಿ ಸೋದರಮಾವನ ಕೈಯಲ್ಲಿರುತ್ತಿತ್ತು, ಗೇಣಿ ಅಕ್ಕಿಯ ಲೆಕ್ಕ ಕೇಳಿದ ಅಕ್ಕತಂಗಿಯರು ಗಯ್ಯಾಳಿಗಳೆನಿಸಿಕೊಳ್ಳುತ್ತಿದ್ದರು. 1949ರ ಅಳಿಯಸಂತಾನ ಕಾಯ್ದೆ ಕವರುಗಳಿಗೆ, ಅಂದರೆ ಹೆಣ್ಣುಸಂತತಿಯಲ್ಲಿ ಇಳಿದ ಮನೆಯ ಕವಲುಗಳಿಗೆ, ಪಾಲು ಪಡೆಯುವ ಹಕ್ಕು ಕೊಟ್ಟ ಮೇಲೆ ಎಷ್ಟೋ ದೊಡ್ಡ ಮನೆಗಳು ಒಡೆದವು. ನಮ್ಮಲ್ಲಿ ಒಡೆದ ಮೇಲೂ ಎಲ್ಲರೂ ದೈವದ ಕೋಲಕ್ಕೆ ಒಂದೇ ಅಂಗಳದಲ್ಲಿ ಸೇರುತ್ತೇವೆ, ಮಾತಾಡದವರೂ ಅಲ್ಲಿ ಮಾತಾಡುತ್ತಾರೆ.

ಉತ್ತರ: ಇನ್ನೊಂದು ಮನೆಯ ಸೊಸೆ

ತಂಗಿಯ ಪ್ರಶ್ನೆಯನ್ನು ಎರಡು ಸಲ ಓದಿದೆ. ಅದರಲ್ಲಿ ಅಪ್ಪ, ಅಮ್ಮ, ಅಣ್ಣ, ಸೋದರಮಾವಂದಿರು, ಸೋದರತ್ತೆ ಎಲ್ಲರೂ ಇದ್ದಾರೆ. ಅತ್ತಿಗೆ ಎಲ್ಲಿ?

ನಮ್ಮ ಅತ್ತೆಯವರಿಗೆ ಪಾರ್ಶ್ವವಾಯು ಬಡಿದ ಮೇಲೆ ಅವರು ಹಾಸಿಗೆಯಿಂದ ಏಳಲಿಲ್ಲ. ಬೆಳಗಿನ ಜಾವ ಹಸು ಕರೆಯುವ ಮೊದಲು ಅವರ ಬಟ್ಟೆ ಬದಲಿಸಿ, ಡೈರಿಗೆ ಹಾಲು ಹಾಕಿ ಬಂದು ಗಂಜಿ ಕುಡಿಸಿ, ಬೆನ್ನು ಹುಣ್ಣಾಗದಿರಲೆಂದು ದಿನವಿಡೀ ಮಗ್ಗುಲು ಬದಲಿಸುತ್ತಾ, ತೋಟದ ಆಳುಗಳಿಗೆ ಅಡಿಗೆಯನ್ನೂ ಮಾಡಿದವಳು ನಾನು. ನಾದಿನಿಯರು ಹಣ್ಣು ಹಿಡಿದುಕೊಂಡು ಬಂದು, ಅತ್ತು, ಸಂಜೆಯ ಬಸ್ಸಿಗೆ ಹೋಗುತ್ತಿದ್ದರು. ಅವರನ್ನು ದೂರುವುದಿಲ್ಲ, ಅವರೂ ತಮ್ಮ ಮನೆಗಳಲ್ಲಿ ಸೊಸೆಯರೇ. ಅತ್ತೆಯವರು ಹೋದ ಮೇಲೆ ಅವರ ಹೆಸರಿನಲ್ಲಿದ್ದ ಒಂದು ಎಕರೆ ಮಗನಿಗೂ ಹೆಣ್ಣುಮಕ್ಕಳಿಗೂ ಸಮನಾಗಿ ಹೋಯಿತು, ಕಾನೂನು ಹೇಳುವುದೂ ಅದನ್ನೇ. ಅದೇ ಕಾನೂನಿಗೆ ನಾನು ಆ ಮನೆಯಲ್ಲಿ ಯಾರೂ ಅಲ್ಲ. ನನ್ನ ಗಂಡ ತಾಯಿಗಿಂತ ಮೊದಲು ತೀರಿಕೊಂಡಿದ್ದರೂ ಆ ಎಕರೆಯ ವಾರಸುದಾರರ ಪಟ್ಟಿಗೆ ನನ್ನ ಹೆಸರು ಬರುತ್ತಿರಲಿಲ್ಲ! ನನ್ನ ತವರಿನಲ್ಲಿ ನಾನೂ ಸಹಿ ಹಾಕಿ ಬಂದಿದ್ದೇನೆ. ಹೀಗಾಗಿ ಎರಡು ಮನೆಗಳ ಪಹಣಿಯಲ್ಲೂ ನಾನಿಲ್ಲ. ಅತ್ತೆಯವರ ನಂತರ ರೇಷನ್ ಕಾರ್ಡಿನಲ್ಲಿ ಯಜಮಾನಿಯಾಗಿ, ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿಗೆ ಒಡತಿಯಾಗಿದ್ದೇನೆ, ಅಷ್ಟೇ.

ಹೆಣ್ಣುಮಕ್ಕಳು ಓದಿ, ದುಡಿದು, ತವರಿನ ಕಷ್ಟಕ್ಕೆ ಹೆಗಲು ಕೊಡುವಂತಾಗಿರುವಾಗ ಸಮಪಾಲು ಕೇಳುವುದು ನ್ಯಾಯವೇ. ನೀವು ಖಂಡಿತ ಕೇಳಿ, ಸಹಿ ಹಾಕಬೇಡಿ. ಊರಲ್ಲೇ ಉಳಿದೆ ಎಂದು ಬರೆದ ಅಣ್ಣನವರಿಗೂ ಒಂದು ಮಾತು: ಆ ಬೋರ್‌ವೆಲ್ ಒಣಗಿದಾಗ ಕೊರಳ ಸರ ಗಿರವಿಗೆ ಹೋದದ್ದು ಯಾರದು ಎಂಬುದನ್ನೂ ಬರೆದಿದ್ದರೆ ಲೆಕ್ಕ ಪೂರ್ತಿಯಾಗುತ್ತಿತ್ತು.

ಉತ್ತರ: ಊರಲ್ಲೇ ಉಳಿದವನು

ಸರ ನನ್ನ ಹೆಂಡತಿಯದು. ಇನ್ನೂ ಬಿಡಿಸಿಲ್ಲ.

ಪ್ರಶ್ನೆ ಕೇಳಿದವರಿಂದ

ನಿನ್ನೆ ಅತ್ತಿಗೆಗೆ ಫೋನ್ ಮಾಡಿದೆ. ಹಕ್ಕು ಬಿಡುಗಡೆ ಪತ್ರದ ಸಂಗತಿ ಅವರಿಗೆ ತಿಳಿದೇ ಇರಲಿಲ್ಲ. ಅಣ್ಣನ ಸಾಲ ಎಷ್ಟಿದೆ ಎಂಬುದು ಮಾತ್ರ ರೂಪಾಯಿ ಸಮೇತ ತಿಳಿದಿತ್ತು. ನನ್ನ ಪಾಲನ್ನು ತೆಗೆದುಕೊಂಡು, ಅದರಲ್ಲಿ ಅರ್ಧವನ್ನು ಅತ್ತಿಗೆಯ ಹೆಸರಿಗೆ ಬರೆದುಕೊಟ್ಟು, ತೋಟವನ್ನು ಒಡೆಯದೆ ಅಣ್ಣನೇ ನೋಡಿಕೊಂಡು ಹೋಗುವಂತೆ ಮಾಡಲು ಸಾಧ್ಯವೇ? ಅಣ್ಣ ಇನ್ನೂ ಒಪ್ಪಿಲ್ಲ, ಮುನಿಸಿನಲ್ಲಿದ್ದಾನೆ. ಅತ್ತಿಗೆ ಒಪ್ಪಿದ್ದಾರೆ ಎಂದೂ ಹೇಳಲಾರೆ, ಅವರು ನಕ್ಕು ಸುಮ್ಮನಾದರು.

ಉತ್ತರ: ತುಮಕೂರಿನ ವಕೀಲ

ಸಾಧ್ಯ. ಮೊದಲು ಋಣಭಾರ ಪತ್ರ ತೆಗೆಸಿ, ಅಣ್ಣನ ಸಾಲ ಈ ಜಮೀನಿನ ಮೇಲಿದೆಯೇ ನೋಡಿ. ಖಾತೆ ಅಮ್ಮ, ಅಣ್ಣ, ನೀವು ಮೂವರ ಹೆಸರಿಗೂ ಜಂಟಿಯಾಗಿ ಬರಲಿ. ಆ ನಂತರ ಜಮೀನನ್ನು ಭಾಗ ಮಾಡಲು ಬೇಕಾದ ಅಳತೆಯ 11ಇ ನಕ್ಷೆ ಮಾಡಿಸಿ ವಿಭಾಗ ಪತ್ರ ನೋಂದಾಯಿಸಿ, ಅತ್ತಿಗೆಗೆ ಪ್ರತ್ಯೇಕ ದಾನಪತ್ರ ಬರೆಯಿರಿ. ಹಾಗೆ ದಾನವಾಗಿ ಬಂದದ್ದು ಉತ್ತರಾಧಿಕಾರ ಕಾಯ್ದೆಯ 14ನೇ ಕಲಮಿನ ಪ್ರಕಾರ ಅವರ ಪೂರ್ಣ ಸ್ವತ್ತು, ಗಂಡನೂ ಅದನ್ನು ಕೇಳುವಂತಿಲ್ಲ. ಸಾಗುವಳಿಯನ್ನು ಅಣ್ಣನಿಗೇ ಬಿಡುವುದಾದರೆ ಕೊಬ್ಬರಿಯ ಹಣ ಹೇಗೆ ಹಂಚಿಕೆಯಾಗಬೇಕು, ಸಾಲದ ಕಂತಿಗೆ ಅದರಿಂದ ಎಷ್ಟು ತೆಗೆದಿಡಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿರಿ. ಅಮ್ಮನವರ ಪಾಲನ್ನು ಮಾತ್ರ ಈಗ ಯಾರ ಹೆಸರಿಗೂ ಬರೆಸಬೇಡಿ, ಅಣ್ಣನ ಹೆಸರಿಗೂ ಬೇಡ, ನಿಮ್ಮ ಹೆಸರಿಗೂ ಬೇಡ.