ವಾಟರ್‌ಕ್ರೆಸ್: ತಟ್ಟೆಯ ನೀರು ನಾರುತ್ತಿದೆ, ಎಲೆ ಹಳದಿಯಾಗುತ್ತಿದೆ. ಕೊಯ್ಯುವುದು ಯಾವಾಗ?

ತಟ್ಟೆತೋಟ:
ವಾಟರ್‌ಕ್ರೆಸ್ (ನೀರಿನಲ್ಲಿ ಬೆಳೆಯುವ ಖಾರದ ಸೊಪ್ಪು) ಬೆಳೆದು ಗೊತ್ತಿರುವವರು ದಯವಿಟ್ಟು ಹೇಳಿ. ಸೊಪ್ಪಿನ ಕಟ್ಟಿನಿಂದ ತೆಗೆದ ಎಂಟು ಕಡ್ಡಿಗಳು ಲೋಟದ ನೀರಿನಲ್ಲಿ ಆರು ದಿನಕ್ಕೆ ಬೇರು ಬಿಟ್ಟವು. 10 ಸೆಂ.ಮೀ. ಆಳದ, ತೂತಿಲ್ಲದ ಪ್ಲಾಸ್ಟಿಕ್ ತಟ್ಟೆಗೆ ತೋಟದ ಮಣ್ಣು ಹಾಕಿ, ಮೇಲೆ ಎರಡು ಬೆರಳಿನಷ್ಟು ನೀರು ನಿಲ್ಲಿಸಿ ನೆಟ್ಟಿದ್ದೇನೆ. ಈಗ ನಾಲ್ಕು ವಾರ. ಮಧ್ಯಾಹ್ನದವರೆಗೂ ಬಿಸಿಲು ಬೀಳುತ್ತದೆ. ಕಡ್ಡಿ 18 ಸೆಂ.ಮೀ. ಎತ್ತರವಾಗಿದೆ, ಆದರೆ ಕೆಳಗಿನ ಎಲೆ ಹಳದಿ, ನೀರಿಗೆ ಕೊಳೆತ ಮೊಟ್ಟೆಯ ವಾಸನೆ, ಸೊಳ್ಳೆಮರಿಗಳೂ ಇವೆ. ಎರಡು ಕಡ್ಡಿಯ ತುದಿಯಲ್ಲಿ ಮೊಗ್ಗಿನಂಥದ್ದು ಕಾಣುತ್ತಿದೆ. ಈಗಲೇ ಕೊಯ್ಯಬೇಕೇ, ಕಾಯಬೇಕೇ?

ಬೇರುನೀರು:
ಮೊಗ್ಗು ಬಂದ ಕಡ್ಡಿಗಳನ್ನು ಇವತ್ತೇ ಕತ್ತರಿಸಿ. ಪುಟ್ಟ ಬಿಳಿ ಹೂ ಅರಳಿದ ಮೇಲೆ ಎಲೆ ಸಣ್ಣದಾಗಿ, ಸಾಸಿವೆಯಂಥ ಖಾರ ಹೋಗಿ ಕಹಿ ಉಳಿಯುತ್ತದೆ. ಮಿಕ್ಕವು ಒಂದು ವಾರ ಕಾಯಲಿ, ಮೊದಲು ಬೇರನ್ನು ಉಳಿಸಿಕೊಳ್ಳಿ.

ವಾಸನೆಗೆ ಕಾರಣ ನಿಂತ ನೀರು. ಇದು ನೀರಿನ ಗಿಡ ನಿಜ, ಆದರೆ ಹುಟ್ಟಿ ಬೆಳೆಯುವುದು ತೊರೆಯ ಅಂಚಿನಲ್ಲಿ, ಹರಿಯುವ ತಣ್ಣನೆಯ ನೀರಿನಲ್ಲಿ. ಅಲ್ಲಿ ಬೇರಿಗೆ ಆಮ್ಲಜನಕ ಸಿಗುತ್ತಲೇ ಇರುತ್ತದೆ. ತೂತಿಲ್ಲದ ತಟ್ಟೆಯ ಜಿಗುಟು ಮಣ್ಣಿನಲ್ಲಿ ಅದು ಎರಡೇ ದಿನಕ್ಕೆ ಖಾಲಿ. ಒಂದು ಗಿಡವನ್ನು ಮೆಲ್ಲಗೆ ಎತ್ತಿ ನೋಡಿ: ಬೇರು ಬೆಳ್ಳಗಿದ್ದು ಎಳೆದರೆ ಗಟ್ಟಿ ನಿಂತರೆ ಚಿಂತೆಯಿಲ್ಲ. ಕಂದು ಬಣ್ಣವಾಗಿ, ಹೊರಸಿಪ್ಪೆ ಬೆರಳಿಗೇ ಜಾರಿ ಬಂದು ಒಳಗಿನ ನೂಲು ಮಾತ್ರ ಉಳಿದರೆ ಕೊಳೆತಿದೆ ಎಂದರ್ಥ. ಅಂಥದ್ದರ ಮೇಲ್ತುದಿಯನ್ನು 10 ಸೆಂ.ಮೀ. ಕತ್ತರಿಸಿ ಮತ್ತೆ ಲೋಟಕ್ಕೆ ಹಾಕಿ. ಕೆಳಗಿನ ಎರಡು ಗೆಣ್ಣು ನೀರಿನೊಳಗಿರಲಿ, ಅಲ್ಲಿನ ಎಲೆ ಕಿತ್ತುಬಿಡಿ. ಬೇರು 3 ಸೆಂ.ಮೀ. ಆದಾಗ ನೆಡಬಹುದು.

ಹೊಸ ವ್ಯವಸ್ಥೆ ಹೀಗಿರಲಿ. ಅಡಿಯಲ್ಲಿ ತೂತಿರುವ, 15 ಸೆಂ.ಮೀ. ಆಳದ ಕುಂಡ. ಅದರಲ್ಲಿ ಎರಡು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಚೆನ್ನಾಗಿ ಕಳಿತ ಕಾಂಪೋಸ್ಟ್, ಒಂದು ಪಾಲು ದಪ್ಪ ಮರಳು. ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಆ ಕುಂಡವನ್ನು ನೀರಿನ ತಟ್ಟೆಯಲ್ಲಿಡಿ, ತಟ್ಟೆಯಲ್ಲಿ 3-4 ಸೆಂ.ಮೀ. ನೀರು ಸಾಕು. ಮೂರು ದಿನಕ್ಕೊಮ್ಮೆ ತಟ್ಟೆಯನ್ನು ಪೂರ್ತಿ ಬಗ್ಗಿಸಿ, ತಳ ಉಜ್ಜಿ, ಹೊಸ ನೀರನ್ನು ಮೇಲಿನಿಂದ ಸುರಿಯಿರಿ. ನೀರು ಇಳಿಯುವಾಗ ಗಾಳಿಯನ್ನೂ ಬೇರಿನ ಹತ್ತಿರ ಎಳೆದುಕೊಂಡು ಹೋಗುತ್ತದೆ. ಬರೀ ಮೇಲೆ ಮೇಲೆ ತುಂಬಿಸುತ್ತಾ ಹೋದರೆ ಈ ಲಾಭವಿಲ್ಲ. ಸೊಳ್ಳೆಮರಿಗೂ ಇದೇ ಮದ್ದು: ಬೆಚ್ಚನೆ ಹವೆಯಲ್ಲೂ ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ ಬೇಕು, ಮೂರು ದಿನಕ್ಕೆ ಚೆಲ್ಲಿದರೆ ಯಾವುದೂ ರೆಕ್ಕೆ ಬಿಚ್ಚುವುದಿಲ್ಲ.

ಬಿಸಿಲು ಬೆಳಗಿನ ಮೂರು ನಾಲ್ಕು ಗಂಟೆ ಸಾಕು. ಈ ಗಿಡಕ್ಕೆ 10ರಿಂದ 20 ಡಿಗ್ರಿ ಸೆಲ್ಸಿಯಸ್ ಹಿತ. 25 ದಾಟಿ ದಿನಗಟ್ಟಲೆ ಹಾಗೇ ಉಳಿದರೆ ಹೂವಿಗೆ ಹೊರಡುತ್ತದೆ. ಕಪ್ಪು ತಟ್ಟೆಯಾದರೆ ಬಿಳಿಯದಕ್ಕೆ ಬದಲಿಸಿ, ನೀರು ಕಾಯುವುದು ಕಡಿಮೆಯಾಗುತ್ತದೆ.

ಎಲೆಗಮನ:
ಹಳದಿ ಎಂದರೆ ಎಲ್ಲವೂ ಒಂದೇ ಅಲ್ಲ. ಮೊದಲು ಯಾವ ಎಲೆ ಎಂದು ನೋಡಬೇಕು. ಕೆಳಗಿನ ಹಳೆಯ ಎಲೆ ಪೂರ್ತಿ ಹಳದಿಯಾದರೆ ಸಾರಜನಕದ ಕೊರತೆ, ಅಥವಾ ಬೇರು ಕೆಟ್ಟು ಹೀರಲಾಗದ ಸ್ಥಿತಿ. ನಿಮ್ಮದು ಎರಡನೆಯದು ಎಂದು ವಾಸನೆಯೇ ಹೇಳುತ್ತಿದೆ, ಹಾಗಾಗಿ ಈಗ ಗೊಬ್ಬರ ಸುರಿದು ಪ್ರಯೋಜನವಿಲ್ಲ. ತುದಿಯ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಕಬ್ಬಿಣದ ಕೊರತೆ. ಗಡಸು ನೀರಿನಲ್ಲಿ ಇದು ಸಾಮಾನ್ಯ. ಪಿಎಚ್ (ಹುಳಿ-ಕ್ಷಾರದ ಅಳತೆ) 6.5ಕ್ಕಿಂತ ಮೇಲಿದ್ದರೆ ಇಡಿಟಿಎ (ಕಬ್ಬಿಣವನ್ನು ಕರಗಿದಂತೆ ಹಿಡಿದಿಡುವ ವಸ್ತುಗಳಲ್ಲಿ ಒಂದು) ರೂಪದ ಕಬ್ಬಿಣ ಗಿಡಕ್ಕೆ ಸರಿಯಾಗಿ ದಕ್ಕುವುದಿಲ್ಲ, 7.5ರವರೆಗೆ ಡಿಟಿಪಿಎ ನಡೆಯುತ್ತದೆ, ಅದರಾಚೆ ಇಡಿಡಿಎಚ್‌ಎ ಬೇಕು. ಹೆಸರು ಉದ್ದವೇ ಆದರೂ ಡಬ್ಬಿಯ ಮೇಲೆ ಇದನ್ನೇ ಓದಿ ಕೊಳ್ಳಿ.

ಹೊಸ ಚಿಗುರು ಬಂದ ಮೇಲೆ, ದ್ರವ ಗೊಬ್ಬರವನ್ನು ಡಬ್ಬಿಯಲ್ಲಿ ಹೇಳಿದ್ದರ ಅರ್ಧ ಪ್ರಮಾಣದಲ್ಲಿ 15 ದಿನಕ್ಕೊಮ್ಮೆ ಕೊಡಿ. ಹಸಿ ಸಗಣಿ ಕದಡಿದ ನೀರು ಖಂಡಿತ ಬೇಡ. ಹಸಿಯಾಗಿ ತಿನ್ನುವ ಸೊಪ್ಪು, ರೋಗಾಣುಗಳು ನೇರವಾಗಿ ಎಲೆಗೆ ಬರುತ್ತವೆ.

ಕುಡಿಯ ಅಡಿಯಲ್ಲಿ ಸಸ್ಯಹೇನು (ರಸ ಹೀರುವ ಪುಟ್ಟ ಕೀಟ) ಕಂಡರೆ ಔಷಧ ಹೊಡೆಯಬೇಡಿ. ಮಗ್ ತುಂಬ ನೀರಿಗೆ ಕುಡಿಯನ್ನು ತಲೆಕೆಳಗಾಗಿ ಅದ್ದಿ ಜಾಡಿಸಿ, ಎರಡು ದಿನ ಬಿಟ್ಟು ಇನ್ನೊಮ್ಮೆ.

ಕುಡಿಕತ್ತರಿ:
ಕೊಯ್ಲಿನ ಬಗ್ಗೆ. ಕಡ್ಡಿ 15 ಸೆಂ.ಮೀ. ದಾಟಿದ ಮೇಲೆ, ಬುಡದಲ್ಲಿ 5-7 ಸೆಂ.ಮೀ. ಬಿಟ್ಟು, ಗೆಣ್ಣಿನ ತುಸು ಮೇಲೆ ಕತ್ತರಿಯಿಂದ ಕತ್ತರಿಸಿ. ಕೈಯಲ್ಲಿ ಕೀಳಬಾರದು, ಬೇರು ಸಡಿಲ, ಗಿಡವೇ ಕಿತ್ತು ಬರುತ್ತದೆ. ಉಳಿದ ಗೆಣ್ಣುಗಳ ಎಲೆಕಂಕುಳಿನಿಂದ ಹೊಸ ಕುಡಿಗಳು ಹೊರಡುತ್ತವೆ, ಅದರಿಂದಲೇ ಗಿಡ ದಟ್ಟವಾಗುವುದು. ಒಂದು ಸಲಕ್ಕೆ ಒಟ್ಟು ಕಡ್ಡಿಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಕತ್ತರಿಸುವುದು ಬೇಡ.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕುರಿ ದನ ಮೇಯುವ ಕಡೆಯ ಹಳ್ಳದ ವಾಟರ್‌ಕ್ರೆಸ್ಸನ್ನು ಹಸಿಯಾಗಿ ತಿನ್ನಲೇಬೇಡಿ. ಪಶುಗಳ ಯಕೃತ್ತಿನ ಪಿತ್ತನಾಳದಲ್ಲಿರುವ ಲಿವರ್ ಫ್ಲೂಕ್ ಎಂಬ ಚಪ್ಪಟೆ ಹುಳುವಿನ ಮೊಟ್ಟೆ ಸಗಣಿಯಿಂದ ನೀರಿಗೆ ಸೇರಿ, ಅಲ್ಲಿನ ಸಣ್ಣ ಬಸವನಹುಳುಗಳೊಳಗೆ ಬೆಳೆದು, ಕೊನೆಗೆ ಎಲೆಯ ಮೇಲೆ ಕಣ್ಣಿಗೆ ಬೀಳದ ಗೂಡಾಗಿ ಅಂಟಿ ಕೂರುತ್ತದೆ. ತೊಳೆದರೆ ಅದು ಖಚಿತವಾಗಿ ಹೋಗುವುದಿಲ್ಲ, ಚೆನ್ನಾಗಿ ಬೇಯಿಸಿದರೆ ಮಾತ್ರ ಸಾಯುತ್ತದೆ. ಮನೆಯ ಕುಂಡಕ್ಕೆ ನಲ್ಲಿಯ ಶುದ್ಧ ನೀರು ಹಾಕಿದರೆ ಈ ಭಯವಿಲ್ಲ. ಆದರೆ ನಿಮ್ಮ ಕಟ್ಟು ಯಾವ ನೀರಿನಲ್ಲಿ ಬೆಳೆದದ್ದೋ ತಿಳಿಯದಿದ್ದರೆ, ಬೀಜದಿಂದ ಹೊಸದಾಗಿ ಶುರು ಮಾಡುವುದೇ ಮೇಲು.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ವೈದ್ಯರನ್ನು ಕೇಳಿ ಬಡಿಸಿ. ಇದರಲ್ಲಿ ವಿಟಮಿನ್ ಕೆ ಬಹಳ.

ತಟ್ಟೆತೋಟ:
ಬೇರು ಎತ್ತಿ ನೋಡಿದೆ, ಐದು ಕಂದು, ಮೂರು ಬಿಳಿ. ಕಟ್ಟಿನ ಮೂಲ ಗೊತ್ತಿಲ್ಲ, ಹಾಗಾಗಿ ಬೀಜಕ್ಕೇ ಹೋಗುತ್ತೇನೆ. ಅಳವಿ ಬೀಜವೂ ಕ್ರೆಸ್ ಎನ್ನುತ್ತಾರಲ್ಲ, ಅದೇ ಆಗುತ್ತದೆಯೇ?

ಬೇರುನೀರು:
ಇಲ್ಲ, ಅಳವಿ ಗಾರ್ಡನ್ ಕ್ರೆಸ್, ನೆಲದ ಗಿಡ. ಅದರ ಬೀಜ ನೆನೆಸಿದರೆ ಲೋಳೆ ಬಿಡುತ್ತದೆ, ಎರಡೂ ಸಾಸಿವೆ ಕುಟುಂಬದವು, ಖಾರವೂ ಹೋಲುತ್ತದೆ, ಆದರೆ ಗಿಡ ಬೇರೆ. ಪೊಟ್ಟಣದ ಮೇಲೆ ನಸ್ಟರ್ಷಿಯಂ ಅಫಿಸಿನೇಲ್ ಎಂದಿರಬೇಕು. ನಸ್ಟರ್ಷಿಯಂ ಎಂದಷ್ಟೇ ಬರೆದು ಕಿತ್ತಳೆ ಹೂವಿನ ಚಿತ್ರವಿದ್ದರೆ ಅದು ಅಲಂಕಾರದ ಬಳ್ಳಿ, ಬೇರೆಯೇ ಗಿಡ. ಬೀಜ ಪುಡಿಯಷ್ಟು ಸಣ್ಣದು. ಒದ್ದೆ ಮಿಶ್ರಣದ ಮೇಲೆ ಉದುರಿಸಿ ಬೆರಳಿನಿಂದ ಒತ್ತಿ, ಮಣ್ಣು ಮುಚ್ಚಬೇಡಿ, ಮೊಳೆಯಲು ಬೆಳಕು ಬೇಕು. ಮೇಲಿನಿಂದ ನೀರು ಹಾಕಿದರೆ ಕೊಚ್ಚಿಹೋಗುತ್ತದೆ, ತಟ್ಟೆಯಿಂದಲೇ ಹೀರಲಿ. ಒಂದರಿಂದ ಎರಡು ವಾರದಲ್ಲಿ ಮೊಳಕೆ ಬರುತ್ತದೆ, ಮೊದಲ ಕೊಯ್ಲಿಗೆ ಆರರಿಂದ ಎಂಟು ವಾರ.